ಸಂಜೆಗೆ ಎಷ್ಟು ಸೀಸೆ?

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಸಿಗದ ನರಕ್ಕೆ ಸೂಜಿ ಹಾಕುವುದು ಹೇಗೆ, ಡ್ಯೂಟಿ ಹಾಕುವವರ ಮನಸ್ಸು ಒಲಿಸುವುದು ಹೇಗೆ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಮೊದಲನೆಯದು ಕೈಗೆ ತಾನಾಗಿ ಬರುತ್ತದೆ. ಉಳಿದೆರಡು ನನಗೂ ಕೊನೆಯವರೆಗೆ ತಿಳಿಯಲಿಲ್ಲ. ತಿಳಿದಿದ್ದರೆ ಮಕ್ತಲ್, ಗದ್ವಾಲ, ನಾರಾಯಣಪೇಟೆ ಎಂದು ಟ್ರಂಕು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಆದರೆ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನು ನಾನು ತಡವಾಗಿ ಕಲಿತೆ. ಅದನ್ನು ನೀವು ಮೊದಲ ವಾರದಲ್ಲೇ ಕಲಿತುಬಿಡಿ ಎಂಬ ಆಸೆಯಿಂದ ಇಷ್ಟು ಬರೆಯುತ್ತಿದ್ದೇನೆ.

ರೋಗಿ ದಾಖಲಾದಾಗ ತುಂಬುವ ಹಾಳೆಯಲ್ಲಿ ಒಂದು ಸಾಲು ಇರುತ್ತದೆ: ಕುಡಿತದ ಚಟ ಇದೆಯೇ, ಇಲ್ಲವೇ. ನಾನು ತಲೆ ಎತ್ತದೆ "ಕುಡೀತೀರೇನು?" ಎನ್ನುತ್ತಿದ್ದೆ. ರೋಗಿ "ಇಲ್ರೀ" ಎನ್ನುತ್ತಿದ್ದ. "ಇಲ್ಲ" ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ನಾನು ತುಂಬಿದ ಹಾಳೆಗಳನ್ನು ನಂಬುವುದಾದರೆ ಕೃಷ್ಣೆಯ ಈ ದಂಡೆಯಲ್ಲಿ ಕುಡಿಯುವವರು ಒಬ್ಬರೂ ಇರಲಿಲ್ಲ.

ಮಲ್ಲಪ್ಪ ಎಂಬ ರೈತನೂ "ಇಲ್ರೀ" ಎಂದೇ ಹೇಳಿದ್ದ. ಆಗ ನಾನು ಮಕ್ತಲ್‌ನ ಒಂದು ಸಣ್ಣ ದವಾಖಾನೆಯಲ್ಲಿ ಎರಡನೆಯ ವರ್ಷದ ನರ್ಸ್. ಅವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಎರಡು ದಿನ ಚೆನ್ನಾಗಿಯೇ ಇದ್ದ. ಮೂರನೆಯ ದಿನ ಮಧ್ಯಾಹ್ನ ಅವನ ಕುತ್ತಿಗೆ ಒಂದು ಕಡೆ ತಿರುಚಿಕೊಂಡು ನಿಂತಿತು. ಮೈ ಬೆವರಿತು. ಮೇಲಿನ ಫ್ಯಾನ್ ನೋಡುತ್ತಾ "ಎಮ್ಮಿ ಬಿಚ್ಚಿಕೊಂಡೈತಿ, ಹಿಡೀರಿ" ಎಂದು ಕೂಗತೊಡಗಿದ.

ಆಪರೇಷನ್ ಆದವನ ಕುತ್ತಿಗೆ ಸೆಟೆದರೆ ಧನುರ್ವಾಯು ಎಂದು ಓದಿದ್ದೆ. ಧನುರ್ವಾಯು ರೋಗಿಗೆ ಕತ್ತಲೆ ಬೇಕು, ನಿಶ್ಶಬ್ದ ಬೇಕು ಎಂದೂ ಓದಿದ್ದೆ. ಓದಿದ್ದನ್ನೆಲ್ಲ ಒಂದೇ ದಿನ ಉಪಯೋಗಿಸುವ ಅವಕಾಶ ಸಿಕ್ಕಿತು. ಕಿಟಕಿಗಳಿಗೆ ಕಂಬಳಿ ಕಟ್ಟಿಸಿದೆ. ವಾರ್ಡಿನ ಉಳಿದ ಐದು ಜನರನ್ನು ಮಂಚ ಸಮೇತ ವರಾಂಡಕ್ಕೆ ಹೊರಡಿಸಿದೆ. ಕೆಮ್ಮಿದ ಒಬ್ಬ ಮುದುಕನನ್ನು ಬೈದೆ. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ರಾಯಚೂರಿಗೆ ಕಳಿಸಲು ಗಾಡಿ ಹುಡುಕಿ ಬರುವಂತೆ ಜನರನ್ನು ಅಟ್ಟಿದೆ.

ಅಷ್ಟರಲ್ಲಿ ಮಲ್ಲಪ್ಪನ ಹೆಂಡತಿ ಹಾಲಿನ ಕ್ಯಾನ್ ಹಿಡಿದುಕೊಂಡು ಬಂದಳು. ಎರಡು ದಿನ ಬಸ್ ಸಿಕ್ಕಿರಲಿಲ್ಲವಂತೆ. ಗಂಡನನ್ನು ಒಮ್ಮೆ ನೋಡಿದಳು. ಗಾಬರಿಯೇ ಆಗಲಿಲ್ಲ. ಅವನ ತಲೆ ಎತ್ತಿ ಹಿಡಿದು ಕ್ಯಾನಿನಲ್ಲಿದ್ದದ್ದನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿದಳು. ಹಾಲು ಕುಡಿಸುತ್ತಿದ್ದಾಳೆ ಎಂದುಕೊಂಡು, ಉಸಿರುನಾಳಕ್ಕೆ ಹೋದರೆ ಏನು ಗತಿ ಎಂದು ನಾನು ಓಡುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಅರ್ಧ ಗಂಟೆ ಕಳೆಯಿತು. ಮಲ್ಲಪ್ಪ ಎದ್ದು ಕುಳಿತು ಸುತ್ತ ನೋಡಿದ.

"ಕತ್ಲಾ ಯಾಕ ಮಾಡೀರಿ ಅಮ್ಮಾರ? ಕರೆಂಟ್ ಹೋಗೈತೇನು?" ಎಂದ.

ನಮ್ಮ ಹಿರಿಯ ನರ್ಸ್ ರಜಿಯಾ ಬೇಗಂ. ಎಲ್ಲರಿಗೂ ಆಪಾ. ಅವರು ಕಂಬಳಿ ಕಟ್ಟಿದ ಕಿಟಕಿ ನೋಡಿದರು, ಕ್ಯಾನ್ ಮೂಸಿದರು, ನನ್ನನ್ನು ಹೊರಗೆ ಕರೆದರು.

"ಸರೋಜಾ, ಅಂವಗ ಏನಂತ ಕೇಳಿದ್ದಿ?"

"ಕುಡೀತೀರೇನು ಅಂತ ಕೇಳೀನ್ರಿ ಆಪಾ."

"ಸೇಂದಿ ಅಂತ ಕೇಳಿದ್ದೇನು?"

"ಸೇಂದಿ ಅಂದ್ರ ಕುಡಿಯೋದೇ ಅಲ್ರೀ?"

"ನಿನಗ. ಅವರಿಗೆ ಅದು ರೊಟ್ಟಿ ಸಂಗಡ ಬರೋದು. ಬ್ರಾಂದಿ ಕುಡಿಯೋದಕ್ಕ ಕುಡಿಯೋದು ಅಂತಾರ."

ನಮ್ಮದು ವಿಭೂತಿ ಹಚ್ಚುವ ಮನೆತನ. ಈಚಲ ಹೆಂಡಕ್ಕೆ ಸೇಂದಿ ಎನ್ನುವ ಮಾತನ್ನೇ ನಮ್ಮ ಅಜ್ಜಿ ಬಾಯಿಗೆ ತರುತ್ತಿರಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದು, ನಮ್ಮ ಓಣಿಯ ಕೊನೆಯ ಮನೆಯಲ್ಲಿ ಸಂಜೆ ಏನು ನಡೆಯುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆಪಾ ಬೈಯಲಿಲ್ಲ. ವರಾಂಡದಿಂದ ಮಂಚಗಳನ್ನು ಒಳಗೆ ತರುವಾಗ ಒಂದು ತುದಿ ತಾವೇ ಹಿಡಿದರು. ಕೆಮ್ಮುವ ಮುದುಕ ಮಾತ್ರ ನನ್ನ ಎದುರು ಬೇಕೆಂದೇ ಎರಡು ಸಲ ಜೋರಾಗಿ ಕೆಮ್ಮಿದ.

ಆಪಾ ಹೇಳಿದ್ದು ಇಷ್ಟು. ಈಚಲ ಮರಗಳು ಕಡಿಮೆ, ಕೇಳುವವರು ಹೆಚ್ಚು. ಮರದಿಂದ ಇಳಿದದ್ದು ಸಾಲದಾದಾಗ ಅಂಗಡಿಯಲ್ಲಿ ನೀರು ಬೆರೆಸಿ, ನಶೆ ಬರಲೆಂದು ನಿದ್ದೆ ಮಾತ್ರೆಯ ಪುಡಿ ಹಾಕುವವರಿದ್ದಾರೆ. ಕುಡಿಯುವವರಿಗೆ ಅದು ಸೇಂದಿ. ಅವರ ಮೈಗೆ ಅದು ಮಾತ್ರೆ. ದಿನಾ ಸಿಕ್ಕರೆ ಸುಮ್ಮನಿರುತ್ತದೆ, ಎರಡು ದಿನ ತಪ್ಪಿದರೆ ಕುತ್ತಿಗೆ ತಿರುಚುತ್ತದೆ, ಫಿಟ್ಸ್ ಬರುತ್ತದೆ, ಫ್ಯಾನು ಎಮ್ಮೆಯಾಗುತ್ತದೆ. ಮಲ್ಲಪ್ಪನ ಹೆಂಡತಿ ಕೊಟ್ಟದ್ದು ಔಷಧಿಯಲ್ಲ, ಆದರೆ ಆ ಹೊತ್ತಿಗೆ ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಅಂದಿನಿಂದ ಪ್ರಶ್ನೆ ಬದಲಾಯಿತು. ಆಪಾ ಕಲಿಸಿದ ಪ್ರಶ್ನೆಯನ್ನೇ ನಿಮಗೂ ಕೊಡುತ್ತಿದ್ದೇನೆ. ಕುಡೀತೀರೇನು ಎಂದು ಕೇಳಬೇಡಿ. ಊಟ ಏನು, ರೊಟ್ಟಿ ಎಷ್ಟು, ನಿದ್ದೆ ಹೇಗೆ ಎಂದು ಕೇಳುತ್ತಾ ಹೋಗಿ, ಅದೇ ದನಿಯಲ್ಲಿ "ಸಂಜಿಗೆ ಎಷ್ಟು ಸೀಸಾ?" ಎನ್ನಿ. ಇದೆಯೋ ಇಲ್ಲವೋ ಎನ್ನುವುದು ಬೇಡ, ಎಷ್ಟು ಎನ್ನುವುದಷ್ಟೇ ಸಾಕು. ಗದ್ವಾಲದಲ್ಲಿ ಕೊರಳ ತುಂಬ ರುದ್ರಾಕ್ಷಿ ಹಾಕಿಕೊಂಡ ಒಬ್ಬ ಅಜ್ಜಿಗೆ ಹೀಗೆ ಕೇಳಿದೆ. "ಎರಡು, ಯವ್ವಾ. ಒಂದು ನನಗ, ಒಂದು ನಿದ್ದಿಗೆ" ಎಂದು ಸಂಕೋಚವಿಲ್ಲದೆ ಹೇಳಿದಳು.

ಗದ್ವಾಲದ ದಿನಗಳಲ್ಲಿ ನಮ್ಮ ಮೇಲೆ ಒಬ್ಬ ಅಧಿಕಾರಿ ಇದ್ದರು. ಒಳ್ಳೆಯ ಮನುಷ್ಯ, ಆದರೆ ಭಾಷಣದ ಹುಚ್ಚು. ವಾರ್ಡಿನ ಗೋಡೆಗೆ ಕುಡಿತದಿಂದ ಅಸ್ಥಿಪಂಜರವಾದ ಮನುಷ್ಯನ ದೊಡ್ಡ ಚಿತ್ರ ಹಾಕಿಸಿದ್ದರು. ರೋಗಿಗಳಿಗೆ ಅದು ಬಹಳ ಇಷ್ಟವಾಯಿತು. ಒಬ್ಬ ಹೆಣ್ಣುಮಗಳು "ನಮ್ಮ ಮಾವ ಹಿಂಗ ನಗ್ತಿದ್ರು" ಎಂದು ಅದರ ಎದುರು ಕುಳಿತೇ ಉಣ್ಣುತ್ತಿದ್ದಳು. ಪ್ರತಿ ಸೋಮವಾರ ಅಧಿಕಾರಿ ಎಲ್ಲರಿಂದ ಬಲಗೈ ಎತ್ತಿಸಿ ಕುಡಿಯುವುದಿಲ್ಲ ಎಂದು ಪ್ರಮಾಣ ಮಾಡಿಸುತ್ತಿದ್ದರು. ಬಲಗೈಗೆ ಗ್ಲೂಕೋಸ್ ಹಾಕಿಸಿಕೊಂಡಿದ್ದ ಒಬ್ಬ ಎಡಗೈ ಎತ್ತಿದ. ಮರುದಿನ ಅವನ ಬಾಯಿ ವಾಸನೆ ಹೊಡೆಯುತ್ತಿತ್ತು. ಕೇಳಿದರೆ, "ಎಡಗೈದು ನಡೀತದೇನ್ರಿ ಸಾರ್?" ಎಂದು ಅಧಿಕಾರಿಯನ್ನೇ ಕೇಳಿದ.

ಆಮೇಲೆ ಒಮ್ಮೆ ಕಲಬೆರಕೆ ಹಿಡಿಯುವವರು ಬಂದು ಸುತ್ತಲಿನ ಸೇಂದಿ ಅಂಗಡಿಗಳಿಗೆಲ್ಲ ಬೀಗ ಹಾಕಿದರು. ನಮ್ಮ ಅಧಿಕಾರಿ ಪೇಢಾ ಹಂಚಿದರು. ಮೂರನೆಯ ದಿನ ಬೆಳಿಗ್ಗೆ ದವಾಖಾನೆಯ ಅಂಗಳ ತುಂಬಿತು. ಗಂಡಸರು, ಹೆಂಗಸರು, ಮುದುಕರು, ಎಲ್ಲರ ಕುತ್ತಿಗೆ ಒಂದೊಂದು ದಿಕ್ಕಿಗೆ. ಅಧಿಕಾರಿ ಮೆಟ್ಟಿಲ ಮೇಲೆ ನಿಂತು ನೋಡಿದರು. "ಸರೋಜಮ್ಮಾ, ಬಿಡ್ರಿ ಅಂದ್ವಿ, ಬಿಟ್ಟಾರಲ್ಲ. ಈಗ ಏನು ಮಾಡೋಣ?" ಎಂದು ಮೆಲ್ಲಗೆ ಕೇಳಿದರು. ಆವತ್ತು ಅವರು ಭಾಷಣ ಮಾಡಲಿಲ್ಲ. ಅಂಗಿ ತೋಳು ಮಡಚಿ ಸಂಜೆಯವರೆಗೆ ನಮ್ಮ ಜೊತೆ ಮಂಚ ಎಳೆದರು. ಅಂದಿನಿಂದ ನನಗೆ ಅವರ ಮೇಲೆ ಗೌರವ ಬಂತು. ಒಮ್ಮೆಗೇ ಬಿಡಿಸುವುದು ಅಪಾಯ, ಅಳತೆಯ ಔಷಧಿ ಕೊಟ್ಟು ವಾರ ವಾರ ಇಳಿಸುತ್ತಾ ಬರಬೇಕು ಎನ್ನುವುದನ್ನು ಅವರೂ ನಾನೂ ಒಟ್ಟಿಗೇ ಕಲಿತೆವು.

ಔಷಧಿ ಇಳಿಸುವುದು ಡಾಕ್ಟರ ಲೆಕ್ಕ. ಆದರೆ ಇನ್ನೊಂದು ಇದೆ, ಅದಕ್ಕೆ ಯಾವ ಮಾತ್ರೆಯೂ ಇಲ್ಲ. ಮನೆಯವರ ನಂಬಿಕೆ. ಚಟ ಹತ್ತಿದವರ ಮನೆಯಲ್ಲಿ ಮೊದಲು ಹೋಗುವುದು ಅದು, ಕೊನೆಗೆ ಬರುವುದೂ ಅದೇ. ಇದನ್ನು ನನಗೆ ತೋರಿಸಿಕೊಟ್ಟವರು ನಾರಾಯಣಪೇಟೆಯ ಮಾಣಿಕಮ್ಮ. ನನ್ನ ನೌಕರಿಯ ಕೊನೆಯ ವರ್ಷಗಳ ಮಾತು ಇದು.

ಮಾಣಿಕಮ್ಮ ನೇಕಾರರ ಮನೆಯವರು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಸಾವಿರಾರು ಎಳೆಗಳನ್ನು ಒಂದೂ ತಪ್ಪದಂತೆ ಕೂಡಿಸುವ ಕೆಲಸ. ಓಣಿಯಲ್ಲಿ ಯಾರ ಮನೆಯ ಹಾಸು ಮುಗಿದರೂ ಮಾಣಿಕಮ್ಮನಿಗೆ ಹೇಳಿಕಳಿಸುತ್ತಿದ್ದರು. ಅಂಥ ಕೈ ಈಗ ನಡುಗುತ್ತಿತ್ತು. ಸೊಸೆ ಸುಜಾತಾ ಕರೆದುಕೊಂಡು ಬಂದಿದ್ದಳು, ಹೆಗಲಲ್ಲಿ ಒಂದೂವರೆ ತಿಂಗಳ ಹೆಣ್ಣು ಕೂಸು.

"ನಾ ಏನೂ ಕುಡಿಯಂಗಿಲ್ರೀ" ಎಂದು ಮಾಣಿಕಮ್ಮ ನಾನು ಕೇಳುವ ಮೊದಲೇ ಹೇಳಿದರು.

ನಾನು ರೊಟ್ಟಿ ಕೇಳಿದೆ, ನಿದ್ದೆ ಕೇಳಿದೆ, ಆಮೇಲೆ ಸೀಸೆ ಕೇಳಿದೆ. "ಮೂರು. ಹಬ್ಬಕ್ಕ ನಾಕು" ಎಂದರು.

ಗಂಡ ತೀರಿದ ಮೇಲೆ ಶುರುವಾಗಿತ್ತು. ಬೆನ್ನು ನೋವಿಗೆ ಎಂದು ಒಂದು. ಸಂಜೆ ಸೇಂದಿ ಅಂಗಡಿಯ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದರು, ಮಾತು ನಗು ಇರುತ್ತಿತ್ತು, ಅದಕ್ಕೆ ಎಂದು ಇನ್ನೊಂದು. ಮೂರನೆಯದು ಯಾಕೆ ಎಂದರೆ ಅವರಿಗೇ ಗೊತ್ತಿರಲಿಲ್ಲ. ಒಂದು ಸಂಜೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತವರು ಹಾಗೇ ತೂಕಡಿಸಿದರು. ಕೂಸು ಜಾರಿ ನೆಲಕ್ಕೆ ಬಿತ್ತು. ಕೆಳಗೆ ಕೌದಿ ಇತ್ತು, ಪೆಟ್ಟಾಗಲಿಲ್ಲ. ಆದರೆ ಆವತ್ತಿನಿಂದ ಸುಜಾತಾ ಅತ್ತೆಯ ಕೈಗೆ ಕೂಸನ್ನು ಕೊಟ್ಟಿರಲಿಲ್ಲ.

ಸುಜಾತಾ ಕೆಟ್ಟವಳಲ್ಲ. ಅವಳಿಗೆ ತಾಯಿ ಇಲ್ಲ, ಬಾಣಂತನ ಮಾಡಿದವರೂ ಮಾಣಿಕಮ್ಮನೇ. ಅವಳೂ ಮಗ್ಗದ ಮೇಲೆ ಕೂರುವವಳು. ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳಲು ಇನ್ನೊಂದು ಕೈ ಇದ್ದರೆ ಅದು ಅತ್ತೆಯದೇ. "ನನಗೂ ಸಾಕಾಗೈತ್ರಿ ಸಿಸ್ಟರ್. ಆದ್ರ ಕೊಡಾಕ ಧೈರ್ಯ ಇಲ್ಲ" ಎಂದಳು. ಮಾಣಿಕಮ್ಮ ನೆಲ ನೋಡುತ್ತಿದ್ದರು. "ನನಗ ಮಾತ್ರಿ ಬ್ಯಾಡ, ಏನೂ ಬ್ಯಾಡ. ಕೂಸು ಎತ್ತಿಕೊಳ್ಳೋ ಹಂಗ ಮಾಡ್ರಿ" ಎಂದರು. ಐದನೆಯ ತಿಂಗಳಿಗೆ ಕೂಸಿನ ತೊಟ್ಟಿಲ ಕಾರ್ಯ, ಹೆಸರಿಡುವುದು ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಷ್ಟರೊಳಗೆ ಆಗಬೇಕು ಎನ್ನುವುದು ಅವರ ಹಟ.

ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೀಗೆ ಹೀಗೆ ಇಳಿಸಬೇಕು ಎಂದು ಹೇಳಿದರು. ಹಟದ ಹೆಂಗಸಿಗೆ ವಾರ ವಾರ ಎನ್ನುವುದು ನಿಧಾನ ಎನಿಸಿತು. ಎಂಟೇ ದಿನಕ್ಕೆ ಸೇಂದಿಯನ್ನೂ ಬಿಟ್ಟು ಮಾತ್ರೆಯನ್ನೂ ಬಿಟ್ಟರು. ಒಮ್ಮೆಗೇ ಬಿಟ್ಟರೆ ಏನಾಗುತ್ತದೆ ಎಂದು ಗದ್ವಾಲದ ಅಂಗಳದಲ್ಲಿ ಕಣ್ಣಾರೆ ಕಂಡವಳು ನಾನು. ಅದನ್ನು ಬಿಡಿಸಿ ಹೇಳಬೇಕಾಗಿತ್ತು. ಅವರ ಉತ್ಸಾಹ ನೋಡಿ ಖುಷಿಪಟ್ಟು ಹೇಳದೇ ಬಿಟ್ಟಿದ್ದೆ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತದೆ.

ಮೂರನೆಯ ದಿನ ಸಂಜೆ ಐದರ ಹೊತ್ತಿಗೆ ಮಗ ನಾಗಪ್ಪ ತಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಕುತ್ತಿಗೆ ತಿರುಚಿತ್ತು, ಮೈ ಬೆವರಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ನಿದ್ದೆ ಬರಲಿಲ್ಲ. ಮಾಣಿಕಮ್ಮ ಮಂಚದ ಮೇಲೆ ಕುಳಿತು ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಎಳೆ ಕೂಡಿಸುತ್ತಿದ್ದರು. ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆಯುವುದು, ಮುಂದಿನದಕ್ಕೆ ಹೋಗುವುದು, ಹೊಸೆಯುವುದು. ಮಧ್ಯೆ ಮಧ್ಯೆ ಬೆರಳನ್ನು ಹಾಸಿಗೆಗೆ ಒತ್ತುತ್ತಿದ್ದರು. ಅವರ ಕಣ್ಣಿಗೆ ಅಲ್ಲಿ ಬೂದಿಯ ಬಟ್ಟಲು ಇದ್ದಿರಬೇಕು.

ನಾಗಪ್ಪನಿಗೆ ತಡೆದುಕೊಳ್ಳಲು ಆಗಲಿಲ್ಲ. "ಒಂದು ಸೀಸಾ ತರ್ತೀನ್ರಿ ಸಿಸ್ಟರಮ್ಮ, ನಮ್ಮವ್ವನ್ನ ಹಿಂಗ ನೋಡಾಕ ಆಗವಲ್ದು" ಎಂದು ಬಾಗಿಲಿಗೆ ನಡೆದ. ಸುಜಾತಾ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲಿನ ಕೂಸನ್ನು ಅವನ ಕೈಗೆ ಕೊಟ್ಟಳು.

"ಇದನ್ನ ಹಿಡ್ಕೊಂಡು ಹೋಗಿ ತರ್ರಿ, ನೋಡೋಣ" ಎಂದಳು.

ಕೂಸನ್ನು ಹೊತ್ತುಕೊಂಡು ಸೇಂದಿ ಅಂಗಡಿಗೆ ಹೋಗುವಷ್ಟು ಗಟ್ಟಿ ಗುಂಡಿಗೆ ನಾಗಪ್ಪನದಲ್ಲ. ಅಲ್ಲೇ ಗೋಡೆಗೆ ಒರಗಿ ಕುಳಿತ.

ಒಳಗೆ ಮಾಣಿಕಮ್ಮ ದನಿ ಏರಿಸಿದರು. "ಆಕಡಿ ತುದಿ ಯಾರು ಹಿಡಿದೀರಿ? ಹಾಸು ಸಡ್ಲ ಆಗೈತಿ. ಎಳಿ ಎಲ್ಲಾ ಗಂಟಾಗ್ತಾವ." ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ನೇಕಾರರ ಮನೆಯ ಸೊಸೆಗೆ ಮಾತು ಬೇಕಾಗಲಿಲ್ಲ. ಮಂಚದ ಇನ್ನೊಂದು ತುದಿಗೆ ಹೋಗಿ ಕುಳಿತಳು. ಎರಡೂ ಮುಷ್ಟಿ ಬಿಗಿದು ಹಿಡಿದಳು.

"ನಾ ಹಿಡಿದೀನಿ ಅತ್ತಿ. ನೀವು ಕೂಡಿಸ್ರಿ."

"ಬಿಡಬ್ಯಾಡ."

"ಬಿಡಂಗಿಲ್ಲ."

ಏನೂ ಇಲ್ಲದ್ದನ್ನು ಹಿಡಿದುಕೊಂಡು ಅವಳು ಅಲುಗದೆ ಕುಳಿತಳು. ಅತ್ತೆ ಎಳೆ ಕೂಡಿಸುತ್ತಾ ಕೂಡಿಸುತ್ತಾ ಮೆಲ್ಲಗೆ ದಿಂಬಿಗೆ ವಾಲಿ ನಿದ್ದೆಹೋದರು. ಅವರು ಮಲಗಿದ ಮೇಲೂ ಸುಜಾತಾ ಸ್ವಲ್ಪ ಹೊತ್ತು ಮುಷ್ಟಿ ಬಿಡಲಿಲ್ಲ. ನಾನು ಕಣ್ಣೊರೆಸಿಕೊಂಡೆ. ನರ್ಸ್ ಅಳಬಾರದು ಎಂದು ನಮಗೆ ಕಲಿಸಿದ್ದರು, ಆ ಪಾಠಕ್ಕೆ ನಾನು ಯಾವತ್ತೂ ಹೆಚ್ಚು ಬೆಲೆ ಕೊಡಲಿಲ್ಲ.

ಐದು ದಿನಕ್ಕೆ ಮನೆಗೆ ಹೋದರು. ಈ ಸಲ ಮಾತ್ರೆಗಳು ಸುಜಾತಾಳ ಅರಿಶಿನದ ಡಬ್ಬಿಯ ಪಕ್ಕ. ಆದರೆ ಕಷ್ಟ ಸಂಜೆಯದು. ಐದು ಗಂಟೆ ಆದರೆ ಕಾಲು ತಾನಾಗಿ ಅಂಗಡಿಯ ಕಡೆ ಎಳೆಯುತ್ತಿತ್ತು. "ಹಗಲು ಹೋಗ್ತದ್ರಿ. ಸಂಜಿ ಹೋಗವಲ್ದು" ಎಂದರು. ಸೀಸೆ ಬಿಡುವುದೆಂದರೆ ಆ ಕಟ್ಟೆಯನ್ನೂ ಆ ನಗುವನ್ನೂ ಬಿಡುವುದು ಎನ್ನುವುದು ನಮ್ಮ ಹಾಳೆಯ ಯಾವ ಸಾಲಿನಲ್ಲೂ ಇಲ್ಲ.

ನಮ್ಮ ವಾರ್ಡಿನಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಕತ್ತರಿಸಿ ಮಡಚಿಡುವ ಕೆಲಸ ಎಂದೂ ಮುಗಿಯುತ್ತಿರಲಿಲ್ಲ. "ಐದಕ್ಕ ಇಲ್ಲಿಗೆ ಬರ್ರಿ, ನನಗೂ ಜೋಡಿ ಆಗ್ತದ" ಎಂದೆ. ಬಂದರು. ಮೊದಲ ವಾರ ಅವರು ಮಡಚಿದ್ದನ್ನು ನಾನು ಗುಟ್ಟಾಗಿ ಬಿಚ್ಚಿ ಮತ್ತೆ ಮಡಚಬೇಕಾಗುತ್ತಿತ್ತು. ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ. ತಿಂಗಳು ಕಳೆಯುವಾಗ ಮೂಲೆಗಳು ಹತ್ತಿರ ಬಂದವು. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ನಾನು ಮಡಚಿದ್ದನ್ನು ಬಿಚ್ಚಿ "ಸರಿ ಇಲ್ಲ ಬಿಡ್ರಿ" ಎಂದು ಅವರು ಮತ್ತೆ ಮಡಚತೊಡಗಿದರು. ನಡುಕ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ, ಬೇಕಾಗಲೂ ಇಲ್ಲ. ಕಟ್ಟೆಯ ಇನ್ನಿಬ್ಬರು ಹೆಂಗಸರೂ ಅವರ ಹಿಂದೆ ಬಂದರು. ನಮ್ಮ ವಾರ್ಡಿನಲ್ಲಿ ಸಂಜೆ ನಗು ಎಷ್ಟಿತ್ತೆಂದರೆ, ತಪಾಸಣೆಗೆ ಬಂದವರೊಬ್ಬರು ಇಲ್ಲಿ ರೋಗಿಗಳು ಯಾರು ಎಂದು ಕೇಳಿದರು.

ಇಷ್ಟಾದರೂ ಸುಜಾತಾ ಕೂಸನ್ನು ಕೊಟ್ಟಿರಲಿಲ್ಲ. ಪಕ್ಕದಲ್ಲಿ ಮಲಗಿಸುತ್ತಿದ್ದಳು, ಎದುರು ಆಡಿಸುತ್ತಿದ್ದಳು, ಕೈಗೆ ಮಾತ್ರ ಇಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಕರೆದಿದ್ದರು. ಮಕ್ತಲ್‌ನಿಂದ ಸುಜಾತಾಳ ಚಿಕ್ಕಮ್ಮಂದಿರು ಬಂದರು. ಬೀಗರ ಮನೆಗೆ ಬರುವಾಗ ಬರಿಗೈಲಿ ಬರಬಾರದಲ್ಲ, ರೂಢಿಯ ಪ್ರಕಾರ ಒಂದು ಕ್ಯಾನ್ ಸೇಂದಿಯೂ ಜೊತೆಗೆ ಬಂತು. ಎಲ್ಲರೂ ಮಾಣಿಕಮ್ಮನ ಮುಖ ನೋಡಿದರು. ಅವರು ಎದ್ದು, ಕ್ಯಾನ್ ತೆಗೆದುಕೊಂಡು ಹಿತ್ತಲ ಬಾಗಿಲಾಚೆ ಇಟ್ಟು ಬಂದರು.

"ಊಟಕ್ಕ ಗಂಡಸರು ಯಾರರ ಕೇಳಿದ್ರ ಅಲ್ಲೈತಿ. ನನಗ ಮಾತ್ರ ಸಿಸ್ಟರಮ್ಮ ಬೈತಾರ" ಎಂದರು. ನಾನು ಸುಮ್ಮನೆ ಹುಬ್ಬು ಗಂಟಿಕ್ಕಿ ಕುಳಿತೆ.

ನಮ್ಮ ಕಡೆಯ ತೊಟ್ಟಿಲ ಶಾಸ್ತ್ರ ನಿಮಗೆ ಗೊತ್ತಿರಬಹುದು. ಹೆಂಗಸರು ತೊಟ್ಟಿಲ ಎರಡೂ ಬದಿಗೆ ನಿಲ್ಲುತ್ತಾರೆ. ಮೊದಲು ರುಬ್ಬುವ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ಅದನ್ನೇ ಕೂಸೆಂದು ತೊಟ್ಟಿಲ ಕೆಳಗಿಂದ ಕೊಡುತ್ತಾರೆ, ಮೇಲಿಂದ ತೆಗೆದುಕೊಳ್ಳುತ್ತಾರೆ. ಆಮೇಲೆ ನಿಜವಾದ ಕೂಸು ಅದೇ ದಾರಿಯಲ್ಲಿ ಕೈಯಿಂದ ಕೈಗೆ ಸುತ್ತುತ್ತದೆ. ಮಾಣಿಕಮ್ಮ ಸಾಲಿನಲ್ಲಿ ನಿಲ್ಲದೆ ಬಾಗಿಲ ಹತ್ತಿರ ನಿಂತಿದ್ದರು.

"ಅತ್ತಿ, ಇಲ್ಲಿ ಬರ್ರಿ. ನನ್ನ ಎದುರಿಗೆ" ಎಂದಳು ಸುಜಾತಾ.

ಬಂದು ನಿಂತರು. ಸುಜಾತಾ ಮೊದಲು ಗುಂಡುಕಲ್ಲು ಕೊಟ್ಟಳು. ಒಳ್ಳೆಯ ಭಾರದ ಕಲ್ಲು. ಮಾಣಿಕಮ್ಮ ತೊಟ್ಟಿಲ ಕೆಳಗೆ ಬಗ್ಗಿ ಅದನ್ನು ಹಿಡಿದು ಎದ್ದರು, ಮೇಲಿಂದ ದಾಟಿಸಿದರು. ಕೈ ಕಲ್ಲಿನಷ್ಟೇ ಗಟ್ಟಿಯಾಗಿತ್ತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು.

ಆಮೇಲೆ ಕೂಸು. ಸುಜಾತಾ ಅದನ್ನು ತೊಟ್ಟಿಲ ಕೆಳಗೆ ಚಾಚಿದಳು. ಮಾಣಿಕಮ್ಮ ಕೈ ಮುಂದೆ ತಂದರು. ಆಗ ಆ ಕೈ ನಡುಗಿತು. ಮೊಣಕೈಯವರೆಗೆ, ಬಳೆ ಸದ್ದಾಗುವಷ್ಟು ನಡುಗಿತು. ಸುಜಾತಾ ಅದನ್ನು ನೋಡಿದಳು. ನಾನೂ ನೋಡಿದೆ. ಮಾಣಿಕಮ್ಮ ಕೈ ಹಿಂದಕ್ಕೆ ಎಳೆದುಕೊಂಡರು.

"ಇದು ಆ ನಡುಕ ಅಲ್ಲವ್ವಾ" ಎಂದರು.

"ಗೊತ್ತೈತಿ ಅತ್ತಿ. ಹಿಡೀರಿ" ಎಂದಳು ಸುಜಾತಾ.

ಹಿಡಿದರು. ಎದ್ದು ನಿಂತು ಎದೆಗೆ ಒತ್ತಿಕೊಂಡರು. ಕೂಸು ಅವರ ಕಿವಿಯ ಓಲೆ ಎಳೆಯತೊಡಗಿತು. ಪಕ್ಕದಲ್ಲಿದ್ದ ಚಿಕ್ಕಮ್ಮ ಕೈ ಚಾಚಿ ಕಾದರು, "ಮುಂದ ಕೊಡವಾ" ಎಂದರು. ಸಾಲಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ "ಕೊಡವಾ, ಕೊಡವಾ" ಎಂದರು. ಮಾಣಿಕಮ್ಮನಿಗೆ ಯಾರ ಮಾತೂ ಕೇಳಿಸಲಿಲ್ಲ. ಮುಹೂರ್ತ ಮೀರುತ್ತದೆ ಎಂದು ಹಿರಿಯರು ಹೊರಗಿನಿಂದ ಕೂಗಿದರು. ಮೀರಿತು.